ನಮ್ಮ ಟಗರು, ಕಳ್ಳನ ಹಕ್ಕುಸ್ವಾಮ್ಯ

ಗೆಳೆಯರೇ, ಇದನ್ನು ತಂಗಿಯ ಖಾತೆಯಿಂದ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಹೊಸದುರ್ಗದವರೊಬ್ಬರು ಮದಕರಿಪುರದ ನಮ್ಮ ದೊಡ್ಡಪ್ಪನ ಕುರಿರೊಪ್ಪಕ್ಕೆ ಬಂದು, "ಅಡ್ವಾನ್ಸ್ ಹಾಕೀನಿ, ಟಗರು ಹಿಡ್ಕೊಡ್ರಿ" ಎಂದರು. ಅವರ ಮೊಬೈಲಿನ ಜಾಹೀರಾತಿನಲ್ಲಿ ನಮ್ಮದೇ ಟಗರು ನಿಂತಿತ್ತು. ಹೋದ ತಿಂಗಳು ನಾನು ಊರು, ದೊಡ್ಡಪ್ಪನ ಹೆಸರು ಸಮೇತ ನನ್ನ ಖಾತೆಯಲ್ಲಿ ಹಾಕಿದ್ದ ಫೋಟೊವನ್ನು ಯಾವನೋ ಕದ್ದು ಮಾರಾಟಕ್ಕಿಟ್ಟಿದ್ದ.

"ನನ್ನತ್ರ ಇರೋದು ಬಟನ್ ಫೋನು, ಜಾಹೀರಾತು ಎಲ್ಲಿಂದ ಹಾಕ್ಲಪ್ಪ?" ಎಂದರು ದೊಡ್ಡಪ್ಪ.

"ಟಗರು ಇಲ್ಲೇ ಐತೆ. ಅಂದ್ಮ್ಯಾಲೆ ದುಡ್ಡು ತಗಂಡೋರೂ ನೀವೇ" ಎಂದರು ಬಂದವರು.

ಜಾಹೀರಾತು ತೋರಿಸಿದ ಜಾಲತಾಣದ ಕಂಪನಿಗೆ ದೂರು ಕೊಟ್ಟೆ. ಜಾಹೀರಾತು ನಿಯಮ ಮೀರಿಲ್ಲ ಎಂದು ಒಂದೇ ನಿಮಿಷದಲ್ಲಿ ಉತ್ತರ ಬಂತು. ಜಾಹೀರಾತಿಗೆ ಕಾಸು ಕೊಟ್ಟವನು ನಿಯಮ ಮೀರುವುದಾದರೂ ಹೇಗೆ? ಮೋಸ ಹೋಗಬೇಡಿ ಎಂದು ನನ್ನ ಮೂಲ ಫೋಟೊವನ್ನೇ ಮತ್ತೆ ಹಾಕಿದರೆ, ಅದು ಬೇರೆಯವರ ಹಕ್ಕುಸ್ವಾಮ್ಯ ಎಂದು ಅಳಿಸಿದರು. ನಮ್ಮದೆನ್ನಲು ದಾಖಲೆ ಬೇಕಂತೆ.

ದೊಡ್ಡಪ್ಪ ಟಗರಿನ ಕಿವಿ ಎತ್ತಿ ಹಿಡಿದರು. "ಹಿಂಗೆ ಕಿವಿ ಸೀಳೋದು ನಮ್ಮ ಮನೆ ಗುರ್ತು. ಇದರ ಫೋಟೊ ತೆಗ್ದು ಕಳಿಸ್ಲೇ."

ಕಳಿಸಿದೆ. ಪ್ರಾಣಿಹಿಂಸೆಯ ಚಿತ್ರ ಹಾಕಿದ್ದಕ್ಕೆ ನನ್ನ ಖಾತೆ ಒಂದು ವಾರ ಬಂದ್ ಎಂದು ಉತ್ತರ ಬಂತು.

ಬಂದವರು ಆ ಉತ್ತರವನ್ನು ಎರಡು ಸಲ ಓದಿದರು. "ಬಿಡ್ರಿ ಯಜಮಾನ್ರೆ, ನಿಮಗಿಂತ ದೊಡ್ಡ ಕಳ್ರು ಆ ಕಂಪ್ನೀಲಿ ಅವ್ರೆ" ಎಂದರು.

ಅಷ್ಟರಮಟ್ಟಿಗೆ ದೊಡ್ಡಪ್ಪ ನಿರಪರಾಧಿ.