ಹಿನಾ ಹಚ್ಚಿಕೊಂಡು ಬರುತ್ತಿದ್ದವಳು

ನನ್ನ ಮೂಗಿನ ಬಗ್ಗೆ ನನಗೆ ಒಂದು ಕಾಲದಲ್ಲಿ ಭಾರೀ ಹೆಮ್ಮೆಯಿತ್ತು. ನೋಡಲು ಅದು ಹೆಮ್ಮೆಪಡುವಂಥ ಮೂಗೇನಲ್ಲ. ಮೂಗುತಿ ಕೊಳ್ಳಲು ಹೋದಾಗ ಅಕ್ಕಸಾಲಿಗನೇ ಎರಡು ಸಲ ದಿಟ್ಟಿಸಿ, "ನಿಮಗ ಸಣ್ಣದ ಸಾಕ್ರಿ" ಎಂದಿದ್ದ. ಆದರೆ ಮೈಯಿಂದ ಬರುವ ವಾಸನೆಯ ಮೇಲೆ ಮನುಷ್ಯರ ಸ್ವಭಾವ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದೆ. ಕುತ್ತಿಗೆಗೆ ಪೌಡರ್ ಬಳಿದುಕೊಂಡು ಬರುವವರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ತಲೆಗೆ ಕೊಬ್ಬರಿ ಎಣ್ಣೆ ಸುರಿದುಕೊಳ್ಳುವವರು ಸಂಸಾರವಂದಿಗರು. ಬಟ್ಟೆಯ ನಡುವೆ ಡಾಂಬರ್ ಗುಳಿಗೆ ಇಡುವವರು ಯಾರಿಗೂ ಏನನ್ನೂ ಕೊಡರು. ನಾನು ಯಾವ ವಾಸನೆಯವಳು ಎಂದು ಮಾತ್ರ ಯೋಚಿಸಿರಲಿಲ್ಲ. ತನ್ನ ವಾಸನೆ ತನಗೆ ಬರುವುದಿಲ್ಲವಲ್ಲ.

ಹಳೆಯ ಶಾಸ್ತ್ರಕಾರರೂ ನನ್ನ ಪಕ್ಷದವರೇ. ಪದ್ಮಿನಿ ಜಾತಿಯ ಹೆಣ್ಣಿನ ಮೈ ತಾವರೆಯ ಕಂಪು ಸೂಸುತ್ತದೆ ಎಂದು ಅವರು ಹೇಳಿದ್ದಾರಂತೆ. ಎರಡು ಕೊಡ ನೀರು ಹೊತ್ತು ತಂದು, ರೊಟ್ಟಿ ಬಡಿದು, ಒಲೆ ಊದಿ ಎದ್ದವಳು ಯಾವ ಕಂಪು ಸೂಸುತ್ತಾಳೆ ಎಂಬುದನ್ನು ಅವರು ಬರೆದಂತಿಲ್ಲ. ಅಷ್ಟು ಹತ್ತಿರ ಹೋಗಿ ನೋಡಿದವರಲ್ಲ, ಪಾಪ. ನಾನೂ ಹೋಗಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನು ರಾಯಬಾಗದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಅಲ್ಲಿಗೆ ವಿಜ್ಞಾನ ಕಲಿಸಲು ಶಶಿಕಲಾ ಎಂಬ ಹುಡುಗಿ ಬಂದಳು. ಇಪ್ಪತ್ತಾರು ವಯಸ್ಸು, ತೆಳ್ಳನೆಯ ಮೈ, ಹತ್ತಿಯ ಸೀರೆ, ಮಾತು ಎಣಿಸಿದಷ್ಟು. ದಿನಾ ಪಾಲಬಾವಿಯಿಂದ ಬಸ್ಸಿಗೆ ಬಂದು, ಗಂಟೆ ಬಾರಿಸಿದೊಡನೆ ಬಸ್ಸಿಗೆ ಓಡುವಳು. ಅವಳು ಒಳಗೆ ಬಂದ ಮೊದಲ ದಿನವೇ ಶಿಕ್ಷಕರ ಕೋಣೆಯಲ್ಲಿ ನಮ್ಮೆಲ್ಲರ ತಲೆಗಳು ಮೇಲೆದ್ದವು. ಹಿನಾ ಅತ್ತರು! ಮದುವೆಯಾಗದ ಹುಡುಗಿ ಹಚ್ಚಿಕೊಳ್ಳುವ ಮಲ್ಲಿಗೆ, ಗುಲಾಬಿ ಅಲ್ಲ. ಕಪ್ಪು ಕಪ್ಪಾದ, ಭಾರವಾದ ಹಿನಾ. ಸುಟ್ಟ ಬೆಲ್ಲ, ಒದ್ದೆ ಮಣ್ಣು, ಎಷ್ಟೋ ವರ್ಷ ತೆರೆಯದ ಗಂಧದ ಪೆಟ್ಟಿಗೆ, ಎಲ್ಲ ಒಟ್ಟಿಗೆ ಸೇರಿದಂಥ ವಾಸನೆ. ಅವಳು ಎದ್ದು ಹೋದ ಮೇಲೂ ಕುರ್ಚಿಯಲ್ಲಿ ಯಾರೋ ಕೂತೇ ಇದ್ದಾರೆ ಅನ್ನಿಸುತ್ತಿತ್ತು.

ನನ್ನ ಮೂಗು ಕೂಡಲೇ ತೀರ್ಪು ಕೊಟ್ಟಿತು: ಇವಳ ಹಿಂದೆ ಏನೋ ಕತೆ ಇದೆ. ತಿಂಗಳಿಗೆ ಎರಡು ಸಲ ಅವಳು ರಜೆ ಹಾಕಿ ರೈಲು ಹತ್ತಿ ಮಿರಜಿಗೆ ಹೋಗುತ್ತಾಳೆಂದು ತಿಳಿದಾಗಂತೂ ಕತೆಗೆ ಕೈಕಾಲು ಮೂಡಿದವು. ಹಿಂದಿ ಕಲಿಸುವ ಬಾಯಾರು ಅದಕ್ಕೊಬ್ಬ ಡಾಕ್ಟರನನ್ನು ಸೇರಿಸಿದರು. ಹೊಲಿಗೆಯ ಬಾಯಾರು ಆ ಡಾಕ್ಟರನಿಗೊಬ್ಬ ಹೆಂಡತಿಯನ್ನು ಕೊಟ್ಟರು. ನಾನು ಏನನ್ನೂ ಸೇರಿಸಲಿಲ್ಲ, ಬರೀ ನಕ್ಕೆ. ಶಶಿಕಲಾಳನ್ನು ಏನನ್ನೂ ಕೇಳಲೂ ಇಲ್ಲ. ಅವಳು ನನ್ನನ್ನು ಅಕ್ಕಾ ಎಂದು ಕರೆಯುತ್ತಿದ್ದಳು.

ಒಂದು ದಿನ ನನ್ನ ತವರಿನ ಕಡೆಯ ಗೌರಕ್ಕ ಅಥಣಿಯಿಂದ ಶಾಲೆಗೆ ಬಂದಳು. ಅವಳ ತಂಗಿಯ ಮಗನಿಗೆ ಹೆಣ್ಣು ಹುಡುಕುತ್ತಿದ್ದರು. ದ್ರಾಕ್ಷಿ ತೋಟದವರು, ಅನುಕೂಲಸ್ಥರು. ಶಶಿಕಲಾಳನ್ನು ರಾಯಬಾಗದ ಅವಳ ಸೋದರಮಾವನ ಮನೆಯಲ್ಲಿ ನೋಡಿದ್ದಾರೆ, ಹುಡುಗ ಮೆಚ್ಚಿದ್ದಾನೆ. ಅವಳ ಜೊತೆ ಕೆಲಸ ಮಾಡುವವರ ಬಾಯಿಂದ ಒಂದು ಮಾತು ಕೇಳಿಕೊಂಡು ಹೋಗಲು ಗೌರಕ್ಕ ಬಂದಿದ್ದಳು.

"ಹುಡಗಿ ಹ್ಯಾಂಗದಾಳವಾ?"

"ಶ್ಯಾಣ್ಯಾಕಿ ಅದಾಳ. ಪಾಠ ಚೊಲೊ ಮಾಡತಾಳ," ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಆದ್ರ..."

"ಆದ್ರ ಏನು?"

"ಏನಿಲ್ಲ ಬಿಡು. ಅತ್ತರ ಅಂದ್ರ ಭಾಳ ಪ್ರೀತಿ ಆಕಿಗೆ. ತಿಂಗಳಿಗೆ ಎರಡ ಸಲ ಮಿರಜಿಗೆ ಹೋಗತಾಳ. ಯಾಕ ಅಂತ ನಾವ್ಯಾರೂ ಕೇಳಿಲ್ಲ."

ನೋಡಿ, ಇದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಗೌರಕ್ಕ ಕಪ್ಪಿನಲ್ಲಿ ಅರ್ಧ ಚಹಾ ಬಿಟ್ಟು ಎದ್ದಳು. ಮುಂದಿನ ತಾಸಿಗೆ ಗಂಟೆ ಹೊಡೆಯಿತು, ಸಂಧಿ ಪ್ರಕರಣ ಕಲಿಸಲು ಹೋದೆ.

ಮುಂದೆ ಒಂದೂವರೆ ತಿಂಗಳಿಗೆ ಶಶಿಕಲಾ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಪ್ರಯೋಗಶಾಲೆಯ ಬೀಗದ ಕೈ ಅವಳ ಹತ್ತಿರವೇ ಉಳಿದಿತ್ತು. ಅದನ್ನು ತರಲು ಮುಖ್ಯ ಬಾಯಾರು ನನ್ನನ್ನು ಪಾಲಬಾವಿಗೆ ಕಳಿಸಿದರು. ಅಂಗಳ ಸಾರಿಸಿದ ಪುಟ್ಟ ಮನೆ. ಬಾಗಿಲಲ್ಲಿ ಕಾಲಿಡುತ್ತಿದ್ದಂತೆ ವಾಸನೆ ಮುಖಕ್ಕೆ ರಾಚಿತು. ಊದಿನಕಡ್ಡಿಯ ಹೊಗೆ, ಡೆಟ್ಟಾಲು, ಹಿನಾ. ಅವೆಲ್ಲದರ ಕೆಳಗಿನಿಂದ ಎದ್ದು ಬರುತ್ತಿದ್ದ ಇನ್ನೊಂದು ವಾಸನೆ. ನನಗೆ ತಿಳಿಯದೆ ಸೆರಗು ಮೂಗಿಗೆ ಹೋಯಿತು.

ಹೊರಸಿನ ಮೇಲೆ ಅವಳ ತಾಯಿ ಮಲಗಿದ್ದರು. ಜೀವಮಾನವೆಲ್ಲ ನಮ್ಮ ಕಡೆಯ ಹೆಂಗಸರಂತೆ ಹಲ್ಲಿಗೆ ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ತಿಕ್ಕಿದವರು. ಬಾಯಿಯೊಳಗೆ ಎದ್ದ ಹುಣ್ಣು ಗಲ್ಲವನ್ನು ತೂತು ಮಾಡಿ ಹೊರಬಂದಿತ್ತು. ಶಶಿಕಲಾ ಹುಣ್ಣಿಗೆ ಕಟ್ಟಿದ ಬಟ್ಟೆ ಬದಲಿಸುತ್ತಿದ್ದಳು. ಎರಡು ವರ್ಷದಿಂದ ದಿನಾ ಮುಂಜಾನೆ ಬಸ್ಸಿಗೆ ಹೊರಡುವ ಮೊದಲು ಅವಳು ಮಾಡುತ್ತಿದ್ದ ಕೆಲಸ ಅದು. ಮಿರಜಿಗೆ ಹೋಗುತ್ತಿದ್ದದ್ದು ಅವ್ವನನ್ನು ದವಾಖಾನೆಗೆ ತೋರಿಸಲು. ಇನ್ನು ಕರೆತರಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಕೈ ತೊಳೆದು ಬಂದು ಅವಳು ನನ್ನಿಂದ ಒಂದು ಮಾರು ದೂರ ಕೂತಳು.

"ಯಾರಿಗೂ ಹೇಳಬ್ಯಾಡ ಅಂದಾಳ್ರಿ ಅವ್ವ. ಒಬ್ಬರಿಂದ ಒಬ್ಬರಿಗೆ ಹತ್ತೂ ಬ್ಯಾನಿ ಅಂತ ತಿಳದು ಸಾಲ್ಯಾಗ ನಿನ್ನ ನೀರೂ ಮುಟ್ಟೂದಿಲ್ಲ ಅಂತಾಳ. ನನಗ ನನ್ನ ಕೈದ ವಾಸನಿ ಬರತೈತ್ರಿ ಅಕ್ಕಾ. ಎಷ್ಟ ಸಾಬೂನ ಹಚ್ಚಿದ್ರೂ ಹೋಗೂದಿಲ್ಲ. ಹುಡಿಗ್ಯಾರ ಹತ್ರ ಬಂದ್ರ ಎಲ್ಲಿ ಮಾರಿ ತಿರುವ್ಯಾರೋ ಅಂತ ಅಂಜಿಕಿ. ಮೊದಲ ಮಲ್ಲಿಗಿ ಅತ್ತರ ಹಚ್ಚಿ ನೋಡಿದೆ. ಎರಡೂ ಕೂಡಿ ಇನ್ನಾ ಕೆಟ್ಟ ಆತು. ಅತ್ತರದಾಂವಗ ಹೇಳಿದೆ, ನಿನ್ನ ಹಂತ್ಯಾಕ ಎಲ್ಲಾಕಿಂತ ಜಡ ಯಾವದೈತಿ ಅದನ್ನ ಕೊಡಪಾ ಅಂತ."

ಅಥಣಿಯ ಸಂಬಂಧದ ಮಾತನ್ನೂ ಅವಳೇ ತೆಗೆದಳು. ಹುಡುಗ ಮೆಚ್ಚಿದ ಮೇಲೆ ಹಿರಿಯರು ಒಂದು ರವಿವಾರ ಈ ಮನೆಗೆ ಬರುವವರಿದ್ದರಂತೆ. ಅಂದು ಅವ್ವನನ್ನು ತೋರಿಸಿ, ಮದುವೆಯಾದ ಮೇಲೆ ಇವಳನ್ನೂ ಜೊತೆಗೆ ಕರೆತರುತ್ತೇನೆ, ಒಪ್ಪುವಿರಾ ಎಂದು ಕೇಳಬೇಕೆಂದಿದ್ದಳಂತೆ. ಅವರು ಬರಲೇ ಇಲ್ಲ.

"ನೋಡಿ ಬ್ಯಾಡ ಅಂದಿದ್ರ ನನಗೇನೂ ಅನಸತಿದ್ದಿಲ್ಲ ಅಕ್ಕಾ. ಯಾರರ ಹೂಂ ಅಂತಿದ್ರು? ಆದ್ರ ನೋಡಾಕ ಬರಲಿಲ್ಲಲ್ಲ. ಅವ್ವ ಆವತ್ತ ಹೊಸಾ ಸೀರಿ ಉಟ್ಟು ಸಂಜೀತನಾ ಕುಂತಿದ್ಲು."

ಬೀಗದ ಕೈ ತೆಗೆದುಕೊಂಡು ಬಂದೆ. ಮರುದಿನವೇ ರಜೆ ಹಾಕಿ ಅಥಣಿಗೆ ಹೋಗಿ ಗೌರಕ್ಕನ ಮುಂದೆ ಎಲ್ಲ ಹೇಳಿದೆ. ಅವಳು, "ಹುಡುಗಂದು ಮೊನ್ನೆನ ಬ್ಯಾರೆ ಕಡೆ ನಿಶ್ಚಯ ಆತಲ್ಲವಾ. ಮೊದಲ ಗೊತ್ತಿದ್ದಿಲ್ಲ ಅಂದ್ರ ಸುಮ್ಮ ಇರಬೇಕಿತ್ತು ನೀ," ಎಂದಳು.

ಅವ್ವ ಆ ಬೇಸಿಗೆಯಲ್ಲಿ ತೀರಿಕೊಂಡರು. ಜೂನಿನಲ್ಲಿ ಶಾಲೆ ತೆರೆದಾಗ ಶಶಿಕಲಾ ಯಾವ ವಾಸನೆಯೂ ಇಲ್ಲದೆ ಬಂದಳು. ಹೇಳದೆ ಇರಲಾಗಲಿಲ್ಲ. ಪ್ರಯೋಗಶಾಲೆಯಲ್ಲಿ ಅವಳು ಗಾಜಿನ ನಳಿಗೆಗಳನ್ನು ಒರೆಸುತ್ತಿದ್ದಾಗ ಹೋಗಿ, ಗೌರಕ್ಕನಿಗೆ ನಾನು ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಕೈಯಲ್ಲಿದ್ದ ನಳಿಗೆಯನ್ನು ಅವಳು ಒರೆಸುತ್ತಲೇ ಇದ್ದಳು.

"ಎಲ್ಲಾರೂ ಸುತ್ತ ಬಳಸಿ ಕೇಳತಿದ್ರು," ಎಂದಳು ಕೊನೆಗೆ. "ನೀವೊಬ್ರ ಒಂದಿನಾನೂ ಕೇಳಲಿಲ್ಲ. ಅದಕ್ಕ ನಿಮ್ಮನ್ನ ಭಾಳ ಚೊಲೊ ಅಂದಕೊಂಡಿದ್ದೆ."

ಬಯ್ಯಲಿಲ್ಲ, ಅಳಲಿಲ್ಲ. ಮರುವರ್ಷ ವರ್ಗ ಮಾಡಿಸಿಕೊಂಡು ಚಿಕ್ಕೋಡಿಗೆ ಹೋದಳು.

ತೊಂಬತ್ತರ ದಶಕದಲ್ಲಿ ಚಿಕ್ಕೋಡಿಯ ಒಂದು ಶಿಕ್ಷಕರ ತರಬೇತಿಯಲ್ಲಿ ಮತ್ತೆ ಸಿಕ್ಕಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಮದುವೆಯಾಗಿರಲಿಲ್ಲ, ದೂರದ ಊರಿನಲ್ಲಿದ್ದ ತಮ್ಮನ ಮಗಳನ್ನು ಓದಿಸುತ್ತಿದ್ದಳು, ಆ ಹುಡುಗಿಯ ಮಾತು ಬಂದಾಗ ನಕ್ಕಳು ಕೂಡ. ನನ್ನ ಆರೋಗ್ಯ ವಿಚಾರಿಸಿದಳು, ನನ್ನ ಮಕ್ಕಳ ಹೆಸರು ನೆನಪಿಟ್ಟು ಒಬ್ಬೊಬ್ಬರನ್ನೇ ಕೇಳಿದಳು. ಎಲ್ಲ ಸರಿಯಾಗಿಯೇ ಇತ್ತು. ಹೊರಡುವಾಗ ಮಾತ್ರ, "ಬರತೀನ್ರಿ ಮೇಡಂ," ಎಂದಳು. ಅಕ್ಕ ಮೇಡಂ ಆದದ್ದು ಯಾವಾಗ ಎಂದು ನನಗೆ ಗೊತ್ತಿತ್ತು.

ಈಗಲೂ ಹುಡುಗಿಯರ ಬಗ್ಗೆ ವಿಚಾರಿಸಲು ನನ್ನಲ್ಲಿಗೆ ಜನ ಬರುತ್ತಾರೆ. ನಾನು ಹುಡುಗಿಯ ಊರಿನ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಹೇಳುತ್ತೇನೆ. "ಆಕಿ ಮನಿಗೇ ಹೋಗ್ರಿ, ಕುಂದರ್ರಿ, ಚಹಾ ಕುಡೀರಿ. ಕೇಳೂದನ್ನ ಆಕೀನ್ನೇ ಕೇಳ್ರಿ," ಎನ್ನುತ್ತೇನೆ. ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿಯೂ ಈ ಹೆಂಗಸಿಗೆ ಯಾರ ಬಗ್ಗೆಯೂ ಏನೂ ಗೊತ್ತಿಲ್ಲ ಎಂದು ಗೊಣಗಿಕೊಂಡು ಅವರು ಎದ್ದು ಹೋಗುತ್ತಾರೆ. ಅವರ ಮಾತು ನಿಜ. ಅದನ್ನು ತಿಳಿದುಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು, ಅಷ್ಟೇ.