ಕ್ಯಾಪ್ಟನ್ ರದ್ದು ಮಾಡಿಸಿದ ಪ್ರಶ್ನೆ

ಮೊನ್ನೆ ಕನ್ನಡಕದ ಅಂಗಡಿಗೆ ಹೋಗಿದ್ದೆ. ಒಳಗೆ ಯಾರೂ ಕಾಣಲಿಲ್ಲ. ಗಾಜಿನ ಮೇಜಿನ ಮೇಲೆ ಗುಂಡಗಿನ ಗಂಟೆಯೊಂದಿತ್ತು, ತಲೆಯ ಮೇಲೆ ಅಂಗೈಯಿಂದ ತಟ್ಟಿದರೆ ಟಿಣ್ ಎನ್ನುವಂಥದ್ದು. ತಟ್ಟಿದೆ. ಪರದೆಯ ಹಿಂದಿನಿಂದ ಹುಡುಗಿಯೊಬ್ಬಳು ಬಂದು "ಏನ್ ಬೇಕಾಗಿತ್ತು ಸಾರ್?" ಎಂದಳು. ಯಾಕೋ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಗಂಟೆ ತಟ್ಟಿ ಉತ್ತರ ಹೇಳದೆ ನಿಂತರೆ ಅಂಕ ಹೋಗುತ್ತದೋ ಎಂದು ಯಾರೋ ಬೆನ್ನ ಹಿಂದಿನಿಂದ ಗದರಿದ ಹಾಗಾಯಿತು... ಹಾಗೆ ಗದರುತ್ತಿದ್ದವರು ನಮ್ಮ ಕ್ಯಾಪ್ಟನ್.

ಕ್ಯಾಪ್ಟನ್ ಎಂದರೆ ಮಿಲಿಟರಿಯವರಲ್ಲ. ದಾವಣಗೆರೆಯ ಒಂದು ಬಟ್ಟೆ ಮಿಲ್ಲಿನಲ್ಲಿ ಹಾಜರಿ ಬರೆಯುವ ಟೈಮ್ ಆಫೀಸಿನ ಗುಮಾಸ್ತರು, ನಮ್ಮ ಎದುರುಮನೆಯವರು. ಎಂಬತ್ತರ ದಶಕದ ಆ ವರ್ಷಗಳಲ್ಲಿ ನಮ್ಮೂರಿಗೆ ಕ್ವಿಜ್ಜಿನ ಗೀಳು ಹಿಡಿದಿತ್ತು. ಗಣಪತಿ ಕೂರಿಸಿದರೆ ಕ್ವಿಜ್, ರಾಜ್ಯೋತ್ಸವಕ್ಕೆ ಕ್ವಿಜ್, ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಕ್ವಿಜ್. ತಂಡಕ್ಕೆ ಮೂವರು. ನಮ್ಮ ತಂಡದಲ್ಲಿ ಕ್ಯಾಪ್ಟನ್ ಆಗಿ ಅವರು, ಜೊತೆಗೆ ನಾನು, ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದ ನಂದಿಗುಡಿಯ ಕಾಲೇಜು ಹುಡುಗ. ನಾನು ಬಿ.ಕಾಂ. ಅರ್ಧಕ್ಕೆ ಬಿಟ್ಟು ಅಬ್ಬಾನ ಟ್ರಂಕ್ ಅಂಗಡಿಯಲ್ಲಿ ಕೂತಿದ್ದೆ. ಕ್ರಿಕೆಟ್ಟು, ಸಿನಿಮಾ ನನ್ನ ಪಾಲು. ವಿಜ್ಞಾನ ಹುಡುಗನ ಪಾಲು. ಉಳಿದ ಪ್ರಪಂಚವೆಲ್ಲ ಕ್ಯಾಪ್ಟನ್‌ರದು.

ಆ ಮನುಷ್ಯ ಒಂದು ಕಡೆ ನೆಟ್ಟಗೆ ಕೂತದ್ದನ್ನು ನಾನು ಕಂಡವನಲ್ಲ. ಸಂಜೆ ಮಿಲ್ಲಿನಿಂದ ಬಂದವರೇ ನಮ್ಮ ಅಂಗಡಿಗೆ ನುಗ್ಗಿ ಟ್ರಂಕಿನ ಮೇಲೆ ಕೂತು ಕಾಲು ಕುಣಿಸುವರು. ಟ್ರಂಕಿನ ಚಿಲಕ ಕಟಕಟ ಎನ್ನುವುದು. ತಕ್ಷಣ ಎದ್ದು ಬಾಗಿಲವರೆಗೆ ಹೋಗಿ ಬಂದು, ನಾನು ತಗಡಿಗೆ ಬಣ್ಣ ಬಳಿಯುತ್ತಿದ್ದರೂ ಬಿಡದೆ "ಮಂಗೋಲಿಯಾದ ರಾಜಧಾನಿ?" ಎನ್ನುವರು. ನಾನು ಬಾಯಿ ತೆರೆಯುವುದರೊಳಗೆ ತಾವೇ "ಉಲಾನ್ ಬಾತರ್" ಎನ್ನುವರು. ಉತ್ತರವೆಂಬುದು ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಪ್ರೇಕ್ಷಕರ ನಡುವೆ ಕೂತರಂತೂ ಮುಗಿಯಿತು, ವೇದಿಕೆಯವರು ಯೋಚಿಸುತ್ತಿರುವಾಗಲೇ ಇವರು ಕೂಗಿಬಿಡುವರು, ಪ್ರಶ್ನೆ ಹಾಳಾಗುವುದು. ಸುತ್ತಲಿನ ಊರುಗಳ ಸಂಘಟಕರು "ನೀವು ತಂಡ ಕಟ್ಕಂಡು ವೇದಿಕೆ ಮ್ಯಾಲೇ ಬರ್ರಿ, ಕೆಳಗೆ ಮಾತ್ರ ಕುಂದ್ರಬ್ಯಾಡ್ರಿ" ಎಂದು ಕೈ ಮುಗಿದ ಮೇಲೆಯೇ ನಮ್ಮ ತಂಡ ಹುಟ್ಟಿದ್ದು.

ಅಬ್ಬಾನಿಗೆ ಅವರನ್ನು ಕಂಡರೆ ಪ್ರೀತಿಯೂ ಹೌದು, ಕಿರಿಕಿರಿಯೂ ಹೌದು. "ಅರೇ, ನಿನ್ನ ಕ್ಯಾಪ್ಟನ್ ಬಂದ್ರೆ ಗಿರಾಕಿ ಓಡಿಹೋಗ್ತಾರೆ. ಟ್ರಂಕ್ ರೇಟು ಕೇಳೋಕೆ ಬಂದೋರಿಗೆ ತಗಡಿಗೆ ಯಾಕ ತುಕ್ಕು ಹಿಡೀತೈತೆ ಅಂತ ಕೇಳಿದ್ರೆ ಹೆಂಗೆ?" ಎಂದು ಗೊಣಗುತ್ತಲೇ ಚಹಾ ತರಿಸುತ್ತಿದ್ದ.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಗಂಡನಿಗೆ ತದ್ವಿರುದ್ಧ, ನಿಧಾನದ ಹೆಂಗಸು. ಒಬ್ಬಳೇ ಮಗಳು ಮದುವೆಯಾಗಿ ರಾಣೆಬೆನ್ನೂರಿಗೆ ಹೋಗಿದ್ದಳು. ಮನೆಯಲ್ಲಿ ಇವರಿಬ್ಬರೇ. ಅಕ್ಕ ಹೆಚ್ಚು ಓದಿದವರಲ್ಲ, ಓದಬೇಕೆಂಬ ಹಂಬಲವೂ ಇದ್ದಂತಿರಲಿಲ್ಲ. ಗಂಡ ಹೇಳಿದ್ದೆಲ್ಲ ಸರಿ ಎಂಬುದು ಅವರ ಲೆಕ್ಕ. ಓಣಿಯ ಹೆಂಗಸರಲ್ಲಿ ಗ್ರಹಣ ಎಷ್ಟು ಹೊತ್ತಿಗೆ ಬಿಡುತ್ತದೆ ಎಂಬ ಚರ್ಚೆ ಎದ್ದರೆ "ತಡೀರಿ, ಇವರನ್ನ ಕೇಳ್ತೀನಿ" ಎಂದು ಒಳಗೆ ಹೋಗಿ ಬರುವರು. ಆಮೇಲೆ ಮರುಮಾತಿಲ್ಲ.

ಒಂದು ವರ್ಷ ಮಳೆಗಾಲ ಮುಗಿಯುತ್ತಲೇ ಅಕ್ಕನಿಗೆ ಜ್ವರ ಬಂತು. ಹೋಯಿತು, ಮತ್ತೆ ಬಂತು. ತೋಳಿನ ಮೇಲೆ ಎಲ್ಲೂ ತಾಗಿಸಿಕೊಳ್ಳದೆಯೇ ನೀಲಿ ಕಲೆ ಏಳುತ್ತಿತ್ತು. ನಮ್ಮ ಅಮ್ಮಿ ನೋಡಿ ಗಾಬರಿಯಾಗಿ ದೊಡ್ಡಾಸ್ಪತ್ರೆಗೆ ಹೋಗಿ ಎಂದು ಹಟ ಹಿಡಿದಳು. ಹೋದರು, ರಕ್ತ ಕೊಟ್ಟು ಬಂದರು, ಮತ್ತೆ ಹೋದರು. ಎರಡನೇ ಸಲ ಹೋಗಿ ಬಂದ ಸಂಜೆ ಕ್ಯಾಪ್ಟನ್ ನಮ್ಮ ಅಂಗಡಿಗೆ ಬಂದು ಬಾಗಿಲಲ್ಲೇ ನಿಂತರು. ಅಬ್ಬಾ ನಮಾಜಿಗೆ ಹೋಗಿದ್ದ.

"ತಮ್ಮಾ, ಬ್ಲಡ್ ಕ್ಯಾನ್ಸರ್ ಅಂತೆ" ಎಂದರು.

ಅಷ್ಟು ಹೇಳಿ ಅಂಗಡಿಯೊಳಗೆ ಅತ್ತಿಂದಿತ್ತ ತಿರುಗಿದರು. ಟ್ರಂಕಿನ ಮುಚ್ಚಳ ತೆಗೆಯುವುದು, ಹಾಕುವುದು... ಡಾಕ್ಟರು ಅಕ್ಕನ ಎದುರಿಗೇ ಇಂಗ್ಲಿಷಿನಲ್ಲಿ ಲ್ಯುಕೇಮಿಯಾ ಎಂದಿದ್ದರಂತೆ. ಅಕ್ಕ ಆ ಪದವನ್ನು ಹಿಡಿದುಕೊಂಡು, ರಿಕ್ಷಾದಲ್ಲಿ ಕೂತವರೇ ಹಂಗಂದ್ರೆ ಏನು ರೀ ಎಂದು ಕೇಳಿದ್ದಾರೆ. ರಕ್ತ ಕಮ್ಮಿ ಆಗೋದಕ್ಕೆ ಡಾಕ್ಟರ್ ಭಾಷೆಯಲ್ಲಿ ಹಂಗಂತಾರೆ, ಟಾನಿಕ್ ಕುಡಿದ್ರೆ ಹೋಗ್ತದೆ ಎಂದು ಇವರು ಹೇಳಿದ್ದಾರೆ. ಅಕ್ಕ ನಂಬಿದ್ದಾರೆ. ಅವರ ಉತ್ತರವನ್ನು ಅಕ್ಕ ಯಾವತ್ತು ತಾನೇ ನಂಬಿರಲಿಲ್ಲ?

"ಆಕಿಗೆ ಗೊತ್ತಾಗಬಾರದು. ಹೆದರಿಕೆಗೇ ಅರ್ಧ ಹೋಗಿಬಿಡ್ತಾಳೆ. ನಿನ್ನ ಬಿಟ್ಟು ಯಾರಿಗೂ ಹೇಳಿಲ್ಲ" ಎಂದರು. ಬಾಯಲ್ಲಿ ಏನೂ ನಿಲ್ಲದ ಮನುಷ್ಯ, ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನೆಯೊಳಗೆ ಹೇಗೆ ಇರುತ್ತಾರೋ ಎಂದು ನನಗೆ ಆ ರಾತ್ರಿಯೆಲ್ಲ ತಳಮಳ.

ಅದಾದ ಕೆಲವೇ ದಿನಕ್ಕೆ ಹರಿಹರದ ಒಂದು ಕಾರ್ಖಾನೆಯ ಕ್ಲಬ್ಬಿನಲ್ಲಿ ಕ್ವಿಜ್ ಇತ್ತು. ಬೇಡವೆಂದು ನಾನು ಹೇಳಿದೆ. ಹೋಗದಿದ್ದರೆ ಅಕ್ಕನಿಗೆ ಅನುಮಾನ ಬರುತ್ತದೆ ಎಂದು ಅವರ ವಾದ. ಅಷ್ಟರಲ್ಲಿ ಅಕ್ಕನೇ "ಒಂದ್ಸಲನಾದ್ರೂ ನಿಮ್ಮ ಆಟ ನೋಡ್ತೀನಿ, ನಾನೂ ಬರ್ತೀನಿ" ಎಂದು ರೇಷ್ಮೆ ಸೀರೆ ಉಟ್ಟು ಹೊರಟೇಬಿಟ್ಟರು. ಇಷ್ಟು ವರ್ಷ ಒಂದು ಸಲವೂ ಕೇಳದವರು ಕೇಳಿದಾಗ ಕ್ಯಾಪ್ಟನ್ ಹೇಗೆ ಇಲ್ಲವೆಂದಾರು?

ಬಸ್ಸಿನಲ್ಲಿ ಅಕ್ಕನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕ್ಯಾಪ್ಟನ್ ನಿಂತೇ ಇದ್ದರು. ದಾರಿಯ ಹಳ್ಳಿಯೊಂದು ಬಂದು ಕಂಡಕ್ಟರು "ಬಾತಿ, ಯಾರ್ರೀ ಬಾತಿ?" ಎಂದು ಕೂಗಿದಾಗ ಹುಡುಗ ತಮಾಷೆಗೆ "ಉಲಾನ್ ಬಾತರ್" ಎಂದ. ಅಕ್ಕ ನಕ್ಕರು. ಕ್ಯಾಪ್ಟನ್ ನಗಲಿಲ್ಲ. ಅಕ್ಕನ ತಲೆಗೆ ಗಾಳಿ ಹೊಡೆಯುತ್ತದೆಂದು ಕಿಟಕಿ ಮುಚ್ಚುವುದು, ಸೆಖೆಯೆಂದು ಮತ್ತೆ ತೆಗೆಯುವುದು, ಹರಿಹರ ಮುಟ್ಟುವವರೆಗೂ ಇದೇ ಕೆಲಸ.

ಕ್ಲಬ್ಬಿನ ಹಾಲ್ ಜನರಿಂದ ತುಂಬಿತ್ತು. ಅಕ್ಕ ಮುಂದಿನ ಸಾಲಿನಲ್ಲೇ ಕೂತರು. ಶುರುವಿನ ಸುತ್ತುಗಳಲ್ಲಿ ಕ್ಯಾಪ್ಟನ್‌ಗೆ ಎಲ್ಲಿಂದ ಹುರುಪು ಬಂತೋ. ಜಪಾನಿನ ನಾಣ್ಯ, ಅತಿ ಎತ್ತರದ ಜಲಪಾತ, ಎಲ್ಲಕ್ಕೂ ಟಿಣ್ ಟಿಣ್ ಎಂದು ಗಂಟೆ ತಟ್ಟಿದರು. ಪ್ರತಿ ಸಲ ಚಪ್ಪಾಳೆ ಬಿದ್ದಾಗ ಅಕ್ಕನ ಕಡೆ ನೋಡುವರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುವರು. ಕೊನೆಯ ಸುತ್ತು ಬಂದಾಗ ನಾವೇ ಮುಂದಿದ್ದೆವು.

ಆ ಸುತ್ತಿನಲ್ಲಿ ಗಂಟೆಯಿಲ್ಲ, ಸರದಿಯ ಮೇಲೆ ಪ್ರಶ್ನೆ. ನಮಗೆ ಬಾರದಿದ್ದರೆ ಪಕ್ಕದ ತಂಡಕ್ಕೆ ಹೋಗುತ್ತದೆ. ಯಾವ ತಂಡಕ್ಕೂ ಬಾರದಿದ್ದರೆ ಸಭಿಕರನ್ನು ಕೇಳುತ್ತಾರೆ. ಅವರಿಗೂ ಬಾರದಿದ್ದರೆ ಕ್ವಿಜ್ ಮಾಸ್ಟರೇ ಮೈಕಿನಲ್ಲಿ ಓದಿ ಹೇಳುತ್ತಾರೆ. ಅಂದಿನ ಕ್ವಿಜ್ ಮಾಸ್ಟರು ಯಾವುದೋ ಕಾಲೇಜಿನ ಲೆಕ್ಚರರು, ಶಿಸ್ತಿನ ಮನುಷ್ಯ. ನಮ್ಮ ಸರದಿಗೆ ಕಾರ್ಡು ಎತ್ತಿ ಸ್ಪಷ್ಟವಾಗಿ ಓದಿದರು.

"ಲ್ಯುಕೇಮಿಯಾ ಎಂಬ ಕಾಯಿಲೆಯನ್ನು ಜನಸಾಮಾನ್ಯರು ಯಾವ ಹೆಸರಿನಿಂದ ಕರೆಯುತ್ತಾರೆ?"

ಮುಂದಿನ ಸಾಲಿನಲ್ಲಿ ಅಕ್ಕ ಕತ್ತು ಮುಂದೆ ಚಾಚಿದ್ದರು. ಅವರಿಗೆ ಗೊತ್ತಿರುವ ಒಂದೇ ಒಂದು ಇಂಗ್ಲಿಷ್ ಪದ ವೇದಿಕೆಯ ಮೇಲೆ ಬಂದಿದೆ. ಗಂಡ ರಕ್ತ ಕಮ್ಮಿ ಎನ್ನುತ್ತಾರೆ, ಚಪ್ಪಾಳೆ ಬೀಳುತ್ತದೆ ಎಂದು ಕಾಯುತ್ತಿದ್ದರೋ ಏನೋ... ನಾವು ಹೇಳಿದರೂ ಉತ್ತರ ಹೊರಬೀಳುತ್ತದೆ, ಬಿಟ್ಟರೂ ಬೀಳುತ್ತದೆ, ತಪ್ಪು ಹೇಳಿದರೂ ಬೀಳುತ್ತದೆ. ಏನೂ ಅರಿಯದ ನಮ್ಮ ಹುಡುಗ ಖುಷಿಯಿಂದ "ಸಾರ್, ಬ್ಲ..." ಎಂದ. ಕ್ಯಾಪ್ಟನ್ ಅವನ ಬಾಯಿಯ ಮೇಲೆ ಅಂಗೈ ಒತ್ತಿ ಎದ್ದು ನಿಂತರು.

"ಈ ಪ್ರಶ್ನೆ ತಪ್ಪೈತೆ. ಕ್ಯಾನ್ಸಲ್ ಮಾಡ್ರಿ."

ಕ್ವಿಜ್ ಮಾಸ್ಟರು ತಬ್ಬಿಬ್ಬಾದರು. ಏನು ತಪ್ಪು ಎಂದು ಕೇಳಿದರು.

"ಇದು ಸಾಮಾನ್ಯ ಜ್ಞಾನ ಅಲ್ಲ, ಡಾಕ್ಟರ್ ಪರೀಕ್ಷೆ. ನಾವೇನು ಇಂಜೆಕ್ಷನ್ ಕೊಡೋಕೆ ಬಂದೀವೇನ್ರಿ ಇಲ್ಲಿಗೆ? ಕ್ಯಾನ್ಸಲ್ ಅಂದ್ರೆ ಕ್ಯಾನ್ಸಲ್!"

ಸಭೆಯಲ್ಲಿ ನಗು ಎದ್ದಿತು. ಬಾರದಿದ್ದರೆ ಬಿಡಿ, ಪಕ್ಕದವರು ಹೇಳುತ್ತಾರೆ ಎಂದು ಕ್ವಿಜ್ ಮಾಸ್ಟರು ಆ ಕಡೆ ತಿರುಗಿದರು. ಕ್ಯಾಪ್ಟನ್ ಮೇಜು ಸುತ್ತಿ ಓಡಿದವರೇ ಅವರ ಕೈಯಿಂದ ಕಾರ್ಡು ಕಿತ್ತುಕೊಂಡು ಜೇಬಿಗೆ ಹಾಕಿದರು, ಮೈಕಿನ ಬಾಯಿ ಮುಚ್ಚಿ ಹಿಡಿದರು. ಪಕ್ಕದ ತಂಡದವನೊಬ್ಬ ಉತ್ತರ ಹೇಳಲು ಎದ್ದರೆ ಅವನ ಮಾತು ಕೇಳಿಸದಂತೆ ಮೋಸ, ಮೋಸ ಎಂದು ಕೂಗಿದರು. ನನಗೂ ಆಗ ಬುದ್ಧಿ ಬಂತು. ನಾನೂ ಎದ್ದು ಮೇಜು ಗುದ್ದುತ್ತ ಮೋಸ ಎಂದು ಅರಚಿದೆ. ಸಿಳ್ಳೆ, ಕೂಗಾಟ, ಯಾರ ಮಾತು ಯಾರಿಗೂ ಕೇಳದಂತಾಯಿತು. ಸೋಲುವ ಹೆದರಿಕೆಗೆ ಗಲಾಟೆ ಮಾಡ್ತಾರೆ ಎಂದು ಹಿಂದಿನಿಂದ ಯಾರೋ ಬೈದರು. ಕೊನೆಗೆ ಕಾರ್ಯದರ್ಶಿ ವೇದಿಕೆಗೆ ಬಂದು ಪ್ರಶ್ನೆಯನ್ನೂ ರದ್ದು ಮಾಡಿದರು, ನಮ್ಮ ತಂಡವನ್ನೂ ರದ್ದು ಮಾಡಿದರು. ಇನ್ನು ಮುಂದೆ ಈ ಕ್ಲಬ್ಬಿನ ಮೆಟ್ಟಿಲು ಹತ್ತಬೇಡಿ ಎಂದರು. ಕ್ಯಾಪ್ಟನ್ ಬೆವರು ಒರೆಸಿಕೊಂಡು ಕೈ ಮುಗಿದರು. ಅಷ್ಟು ಜನರೆದುರು ಮಾನ ಕಳೆದುಕೊಂಡ ಮನುಷ್ಯನ ಮುಖದಲ್ಲಿ ಅಂಥ ನಿರಾಳ ಇರುತ್ತದೆಂದು ನಾನು ಎಣಿಸಿರಲಿಲ್ಲ.

ಬಸ್ ನಿಲ್ದಾಣಕ್ಕೆ ಬಂದಾಗ ಹುಡುಗ ಅಳುಮುಖ ಮಾಡಿಕೊಂಡಿದ್ದ. ಅವನನ್ನು ಸಮಾಧಾನ ಮಾಡಲು ಕ್ಯಾಪ್ಟನ್ ಮಂಡಕ್ಕಿ ಮೆಣಸಿನಕಾಯಿ ಕೊಡಿಸುತ್ತೇನೆಂದು ಗಾಡಿಯ ಹತ್ತಿರ ಕರೆದುಕೊಂಡು ಹೋದರು. ನಾನೂ ಅಕ್ಕನೂ ಕಲ್ಲು ಬೆಂಚಿನ ಮೇಲೆ ಉಳಿದೆವು. ಅಕ್ಕ ನನ್ನ ಕಡೆ ತಿರುಗಿದರು.

"ತಮ್ಮಾ, ಗೊತ್ತಿಲ್ಲದ ಪ್ರಶ್ನೆಗೆ ಇವರು ಯಾವತ್ತೂ ಜಗಳ ಆಡೋರಲ್ಲ. ಗೊತ್ತಿಲ್ಲ ಅಂತ ಸುಮ್ನೆ ಕುಂದ್ರತಾರೆ" ಎಂದರು.

ನಾನು ತಲೆ ತಗ್ಗಿಸಿದೆ.

"ಅದು ಏನು ಅಂತ ನೀನೂ ಹೇಳಬ್ಯಾಡ. ಒಳ್ಳೇದಲ್ಲ ಅಂತ ಗೊತ್ತಾತು, ಸಾಕು." ಸೆರಗು ಬಿಗಿಯಾಗಿ ಹೊದ್ದುಕೊಂಡರು. ಆಮೇಲೆ ಗಾಡಿಯ ಕಡೆ ನೋಡುತ್ತ, "ನನಗೆ ತಿಳೀತು ಅಂತ ಅವರಿಗೆ ಮಾತ್ರ ಹೇಳಬ್ಯಾಡಪ್ಪ. ಪಾಪ, ಎಷ್ಟು ಒದ್ದಾಡಿದ್ರು..." ಎಂದರು. ಅಷ್ಟರಲ್ಲಿ ಕ್ಯಾಪ್ಟನ್ ಪೊಟ್ಟಣ ಹಿಡಿದು ಓಡೋಡಿ ಬಂದರು. ಬಿಸಿ ಐತೆ, ತಿನ್ನು ಎಂದರು. ಅಕ್ಕ ತಿಂದರು.

ಅಕ್ಕ ಮುಂದಿನ ಯುಗಾದಿ ನೋಡಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೂ ಆಯಿತು, ವಾಪಸು ಬಂದಿದ್ದೂ ಆಯಿತು. ಮಾತಾಡಿಸಲು ಬಂದವರಿಗೆಲ್ಲ ಅಕ್ಕ "ರಕ್ತ ಕಮ್ಮಿ ಐತೆ ಅಷ್ಟೇ, ಟಾನಿಕ್ ಕೊಟ್ಟಾರೆ" ಎನ್ನುತ್ತಿದ್ದರು. ಗಂಡ ಪಕ್ಕದಲ್ಲಿದ್ದರೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದರು. ನಾನು ಆ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆ. ಇಬ್ಬರ ನಡುವೆ ಕೂರಲು ನನ್ನಿಂದಾಗುತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಒಂದು ಸಂಜೆ ಕ್ಯಾಪ್ಟನ್ ಅಂಗಡಿಗೆ ಬಂದರು. ಮನೆ ಖಾಲಿ ಮಾಡಿ ರಾಣೆಬೆನ್ನೂರಿಗೆ, ಮಗಳ ಹತ್ತಿರ ಹೋಗುವುದೆಂದು ಆಗಲೇ ನಿಶ್ಚಯವಾಗಿತ್ತು. ಸಾಮಾನು ತುಂಬಲು ದೊಡ್ಡ ಟ್ರಂಕೊಂದು ಬೇಕಿತ್ತು. ಅಬ್ಬಾ ಒಳ್ಳೆಯದನ್ನು ಹುಡುಕಲು ಒಳಗೆ ಹೋದ. ಅವರು ಬಾಗಿಲವರೆಗೆ ಹೋಗಿ ಬಂದು ಕೇಳಿದರು.

"ಕಡೀತನಕ ಆಕಿಗೆ ಗೊತ್ತಾಗ್ಲಿಲ್ಲ, ಅಲ್ಲೇನು?"

"ಇಲ್ಲ ಸಾರ್, ಗೊತ್ತಾಗ್ಲಿಲ್ಲ" ಎಂದೆ.

"ಹರಿಹರದಾಗ ಒಂಚೂರು ಎಡವಟ್ಟಾಗ್ತಿತ್ತು. ಹೆಂಗೋ ತಪ್ಪಿಸಿದೆ" ಎಂದರು. ಅವರ ಕಣ್ಣು ತುಂಬಿತ್ತು, ಜೊತೆಗೆ ಒಂದಿಷ್ಟು ಹೆಮ್ಮೆಯೂ ಇತ್ತು.

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಬಹಳ ತಡವಾಗಿ. ಎದುರುಮನೆ ಇದ್ದಲ್ಲಿ ಈಗ ಬಟ್ಟೆ ಅಂಗಡಿಯ ಗೋದಾಮು ಎದ್ದಿದೆ. ಟ್ರಂಕು ಕೇಳುವವರೂ ಇಲ್ಲ, ಅಬ್ಬಾನೂ ಇಲ್ಲ. ಈ ವಯಸ್ಸಿನಲ್ಲಿ ನಿದ್ದೆ ಬಾರದಿದ್ದಾಗ ನಾನೂ ಎದ್ದು ಬಾಗಿಲವರೆಗೆ ಹೋಗಿ ಬರುತ್ತೇನೆ. ಅವರು ಟ್ರಂಕಿಗೆ ಬಂದ ಆ ಸಂಜೆ ನಾನು ನಿಜ ಹೇಳಿದ್ದರೆ ಅವರು ತಡೆದುಕೊಳ್ಳುತ್ತಿದ್ದರೇ? ಅದಕ್ಕೂ ಮೊದಲೇ, ಅಕ್ಕ ಇದ್ದಾಗಲೇ ನಾನು ಬಾಯಿ ಬಿಟ್ಟಿದ್ದರೆ, ಗಂಡ ಹೆಂಡತಿ ಒಂದು ದಿನವಾದರೂ ಒಟ್ಟಿಗೆ ಕೂತು ಅತ್ತು ಹಗುರಾಗುತ್ತಿದ್ದರೇ? ನಾನು ಮಾಡಿದ್ದೇ ಸರಿ ಎಂದು ಒಮ್ಮೊಮ್ಮೆ ಗಟ್ಟಿಯಾಗಿ ಅನ್ನಿಸುತ್ತದೆ, ಬೆಳಗಾಗುವುದರೊಳಗೆ ಅಲ್ಲವೆನ್ನಿಸುತ್ತದೆ... ಕೇಳಿ ತಿಳಿದುಕೊಳ್ಳೋಣವೆಂದರೆ ಇಬ್ಬರೂ ಇಲ್ಲ.