ಸಿಸ್ಟರ್ ತಂದ ಹೆಸರು

ಟಿಣ್ ಟಿಣ್ ಎಂದು ಸೈಕಲ್ ಬೆಲ್ ಕೇಳಿದರೆ ಕೊಪ್ಪಳದ ನಮ್ಮ ಓಣಿಗೆ ಹೆರಿಗೆಯ ಸಿಸ್ಟರ್ ಬಂದರೆಂದೇ ಅರ್ಥ. ನಾರ್ವೆ ದೇಶದವರು. ಹೆಣ್ಣುಕೂಸು ಹುಟ್ಟಿದರೆ ಹಣೆ ಸವರಿ ತಮ್ಮೂರಿನ ಹೆಸರೊಂದನ್ನು ಹೇಳುವರು: "ಇಂಗ್ರಿಡ್ ಅಂದ್ರ ಚೆಲುವಿ. ಸಿಗ್ನೆ ಅಂದ್ರ ಹೊಸ ಗೆಲುವು. ಛಲೋ ಐತಿಲ್ರಿ?"

ನಾನು ಕಾನ್ವೆಂಟಿನಿಂದ ಹಾಲಿಡೇಸ್‌ಗೆ ಬಂದಾಗ ನನ್ನ ನಾಲ್ಕನೆಯ ತಂಗಿ ಹುಟ್ಟಿದಳು. "ಹೆಣ್ಣು ಸಾಕಾದ್ವು. ಸಾಕವ್ವ ಅಂತ ಹೆಸರಿಡ್ರಿ," ಎಂದಳು ಅಜ್ಜಿ. ಅವ್ವ ಗೋಡೆಯ ಕಡೆ ಹೊರಳಿದಳು.

ಸಿಸ್ಟರ್ ಕೂಸನ್ನು ಅಜ್ಜಿಯ ಉಡಿಯಲ್ಲೇ ಇಟ್ಟರು. "ಡಾಗ್ನಿ ಅಂದ್ರ ಹೊಸ ಹಗಲು. ಛಲೋ ಐತಿಲ್ರಿ?"

"ನನ್ನ ನಾಲಿಗಿ ಹೊರಳಂಗಿಲ್ರಿ, ಬಾಯಾರ."

ತೊಟ್ಟಿಲಿಗೆ ಹಾಕುವ ದಿನ, ಹೆಸರು ಹೇಳಬೇಕಾದ ಸೋದರತ್ತೆ ಬರಲಿಲ್ಲ. ಅಜ್ಜಿಯೇ ಸಿಸ್ಟರನ್ನು ಕರೆದಳು: "ಕೂಸಿನ ಕಿವ್ಯಾಗ ಹೆಸರು ನೀವ ಹೇಳ್ರಿ. ನನಗ ಕರಿಯಾಕ ಬರೂ ಹಂಗ ಹೇಳ್ರಿ."

"ಬೆಳಗವ್ವ," ಎಂದರು ಸಿಸ್ಟರ್.

ಹೆಸರು ಹೇಳಿದವರ ಬೆನ್ನಿಗೆ ಹೆಂಗಸರು ನಗುತ್ತ ಗುದ್ದುವುದು ನಮ್ಮಲ್ಲಿ ಪದ್ಧತಿ. ಇಲ್ಲಿಯ ಸೇವೆ ಮುಗಿದು, ಮರುದಿನವೇ ಸಿಸ್ಟರ್ ತಮ್ಮ ದೇಶಕ್ಕೆ ಹೊರಟರು. ನಾನು ಕೊನೆಯದಾಗಿ ಕಂಡದ್ದು ತೊಟ್ಟಿಲಿಗೆ ಬಾಗಿದ ಅವರ ಬಿಳಿ ಫ್ರಾಕು, ಅದರ ಮೇಲೆ ಎಲ್ಲರಿಗಿಂತ ಮೊದಲು ಬಿದ್ದ ಅಜ್ಜಿಯ ಗುದ್ದು.